ರಾಮಿ ನಾರುಗಿಡದ ಬೇಸಾಯ ಮತ್ತು ಘಟಪ್ರಭಾ ಕಣಿವೆ

ತುರಚಿ ಎಂದೊಡನೆ ಬಯಲುಸೀಮೆಯ ಒಕ್ಕಲಿಗರಿಗೆ ನೆನಪಾಗುವುದು ಬೇಲಿಗೆ ಹಬ್ಬಿ ಮೈ ತುರಿಸುವ ಬಳ್ಳಿ. ಸಸ್ಯಶಾಸ್ತ್ರಜ್ಞರು ಟ್ರೇಜಿಯ ಎಂದು ಕರೆಯುವ ಈ ಬಳ್ಳಿ ಔಡಲದ ಕುಟುಂಬಕ್ಕೆ ಸೇರಿದುದು. ಅರ್ಟಿಕೇಸಿ ಎಂಬ ತುರಚೆಯ ಕುಟುಂಬವೇ ಬೇರೆ. ಅದರ ಪೊದೆಗಳಲ್ಲಿ ಅನೇಕವು ಮಳೆಕಾಡಿನ ನೆರಳು ಹಾಗೂ ತೇವವನ್ನು ಆಶ್ರಯಿಸಿ ಬೆಳೆಯುತ್ತವೆ. ಸಹ್ಯಾದ್ರಿಯ ಡೆಂಡ್ರೊಕ್ನೈಡ್ ಸಿನುವಾಟ ತನ್ನ ಉಗ್ರವಾದ ಚುಚ್ಚುರೋಮಗಳಿಂದ ಪ್ರಸಿದ್ಧವಾಗಿದೆ. ಇದೇ ಕುಟುಂಬದ ರಾಮಿ, ಅಂದರೆ ಬೋಹ್ಮೇರಿಯ ನಿವಿಯ, ಚುಚ್ಚುವುದಿಲ್ಲ. ಅದು ಮಾನವನು ಬಹುಕಾಲದಿಂದ ನಾರಿಗಾಗಿ ಬೆಳೆಸಿಕೊಂಡು ಬಂದ ಗಿಡ. ಇದರ ಬೇಸಾಯವು ಕೌಜಲಗಿಯಂತಹ ಬಯಲಿಗೆ ಒಗ್ಗುವುದೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಮಿಯಲ್ಲಿ ಎರಡು ಬಗೆಗಳಿವೆ. ಎಲೆಯ ಕೆಳಮೈ ಬೆಳ್ಳಗಿರುವುದು ಚೀನಾದ ಬಿಳಿ ರಾಮಿ; ಹಸಿರಾಗಿರುವುದು ಮಲಯ ಪ್ರದೇಶದ ಉಷ್ಣವಲಯಕ್ಕೆ ಒಗ್ಗಿದ ಹಸಿರು ರಾಮಿ. ಗಿಡ ಸಾಮಾನ್ಯವಾಗಿ 1ರಿಂದ 2.5 ಮೀಟರ್ ಎತ್ತರವಾಗುತ್ತದೆ. ನೆಲದೊಳಗಿನ ಗೆಡ್ಡೆಕಾಂಡದ ತುಂಡುಗಳನ್ನು ನೆಟ್ಟು ಇದನ್ನು ವೃದ್ಧಿಸುತ್ತಾರೆ. ಒಮ್ಮೆ ನೆಟ್ಟರೆ ಹಲವು ವರ್ಷ, ವರ್ಷಕ್ಕೆ ಮೂರು ನಾಲ್ಕು ಸಲ ಕೊಯ್ಲು ಸಿಗುತ್ತದೆ. ಆದರೆ ವರ್ಷವಿಡೀ ಹಂಚಿಕೆಯಾದ ಸುಮಾರು 1,500 ಮಿ.ಮೀ. ಅಥವಾ ಅದಕ್ಕೂ ಮಿಗಿಲಾದ ಮಳೆ, ತೇವಭರಿತ ಗಾಳಿ, ನೀರು ಬಸಿದುಹೋಗುವ ಫಲವತ್ತಾದ ಮಣ್ಣು ಇದಕ್ಕೆ ಅವಶ್ಯ. ಬೇರಿನಲ್ಲಿ ನೀರು ನಿಂತರೆ ಗಿಡ ಉಳಿಯದು.

ಘಟಪ್ರಭಾ ಕಣಿವೆಯಲ್ಲಿ ಈ ಎರಡು ಹವಾಮಾನಗಳೂ ಒಂದೇ ನೀರಿನ ದಾರಿಯಲ್ಲಿ ಕಾಣಸಿಗುತ್ತವೆ. ಅಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿಯು ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೂಲಕ ಹರಿದು ಘಟಪ್ರಭೆಯನ್ನು ಕೂಡುತ್ತದೆ. ಅದರ ಉಗಮದಲ್ಲಿ ವಾರ್ಷಿಕ ಮಳೆ 5,000 ಮಿ.ಮೀ.ಗೂ ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಥಟ್ಟನೆ ಇಳಿದು, ಗೋಕಾಕ–ಮೂಡಲಗಿ ಭಾಗದಲ್ಲಿ 600 ಮಿ.ಮೀ. ಆಸುಪಾಸಿಗೆ ನಿಲ್ಲುತ್ತದೆ. ಕೌಜಲಗಿ ಈ ಮಳೆನೆರಳಿನ ಊರು. ಹಿಡಕಲ್ ಜಲಾಶಯ ಮತ್ತು ಕಾಲುವೆಗಳು ಈ ಸೀಮೆಯ ನೀರಿನ ಕೊರತೆಯನ್ನು ಬಹುಮಟ್ಟಿಗೆ ನೀಗಿವೆ. ಆದರೆ ಬೇಸಿಗೆಯ ಒಣಗಾಳಿಯನ್ನು ಕಾಲುವೆಯು ಬದಲಿಸಲಾರದು. ಮೇಲಾಗಿ ಎರೆ ಭೂಮಿಗೆ ನೀರು ಹೆಚ್ಚಾದರೆ ಅದು ಬಸಿಯದೆ ನಿಲ್ಲುತ್ತದೆ, ಕ್ರಮೇಣ ಸವಳು ಏರುತ್ತದೆ. ಕಬ್ಬು ತಾಳಿಕೊಳ್ಳುವಷ್ಟು ನೀರನ್ನು ರಾಮಿ ತಾಳಿಕೊಳ್ಳದು. ಆದ್ದರಿಂದ ನೀರಾವರಿ ಇದೆ ಎಂಬ ಒಂದೇ ಕಾರಣದಿಂದ ಎರೆ ಹೊಲಕ್ಕೆ ರಾಮಿಯನ್ನು ಸೂಚಿಸುವುದು ಯುಕ್ತವಲ್ಲ.

ಎರಡನೆಯ ತೊಡಕು ಹೊಲದಾಚೆಯದು. ಕಾಂಡದಿಂದ ಸುಲಿದ ನಾರಿನಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಅಂಟೇ ಇರುತ್ತದೆ. ಕೊಯ್ದ ಕಾಂಡ ಒಣಗುವ ಮೊದಲೇ ಸುಲಿಯಬೇಕು. ಬಳಿಕ ಕ್ಷಾರದಲ್ಲಿ ಕುದಿಸಿ ಅಂಟನ್ನು ತೆಗೆಯಬೇಕು. ಬ್ರಿಟಿಷ್ ಭಾರತ ಸರಕಾರವು ನಾರು ಸುಲಿಯುವ ಯಂತ್ರಕ್ಕೆ 5,000 ಪೌಂಡುಗಳ ಬಹುಮಾನವನ್ನು ಸಾರಿ, 1872 ಮತ್ತು 1879ರಲ್ಲಿ ಸಹಾರನ್‌ಪುರದಲ್ಲಿ ಪರೀಕ್ಷೆ ನಡೆಸಿತು. ಎರಡು ಸಲವೂ ಪೂರ್ಣ ಬಹುಮಾನಕ್ಕೆ ಅರ್ಹವಾದ ಯಂತ್ರ ದೊರೆಯಲಿಲ್ಲ. ಗಿಡ ಬೆಳೆದರೂ ಉದ್ಯಮ ಬೇರೂರಲಿಲ್ಲ.

ಹತ್ತಿಯೊಡನೆ ಹೋಲಿಸಿದರೆ ಈ ಅಂತರ ಸ್ಪಷ್ಟವಾಗುತ್ತದೆ. ಹತ್ತಿಯ ರೈತ ಅರಳೆಯನ್ನು ಬಿಡಿಸಿ ಪೇಟೆಗೆ ಒಯ್ಯುತ್ತಾನೆ. ಕೆಲವು ದಿನ ತಡೆದರೂ ನಷ್ಟವಿಲ್ಲ. 1887ರಲ್ಲಿ ಗೋಕಾಕ ಜಲಪಾತದ ಬಳಿ ಆರಂಭವಾದ ಗಿರಣಿ ಇಂತಹ ಹತ್ತಿಯನ್ನು ನೂಲುವುದಕ್ಕೆಂದೇ ರೂಪುಗೊಂಡಿತು. ಹತ್ತಿಯ ಎಳೆ ಸಾಮಾನ್ಯವಾಗಿ 25–30 ಮಿ.ಮೀ. ಉದ್ದವಿದ್ದರೆ ರಾಮಿಯ ಎಳೆ ಅನೇಕ ವೇಳೆ 100 ಮಿ.ಮೀ. ದಾಟುತ್ತದೆ. ತುಂಡರಿಸದೆ ಹತ್ತಿಯ ಯಂತ್ರದಲ್ಲಿ ಅದನ್ನು ನೂಲಲಾಗದು. ನೆನೆದಷ್ಟೂ ಬಲಗೊಳ್ಳುವುದು ಈ ನಾರಿನ ಹಿರಿಮೆ. ಆದರೆ ಸುಲಿಯುವ ಯಂತ್ರ, ಅಂಟು ತೆಗೆಯುವ ಘಟಕ, ಕೊಳ್ಳುವ ಗಿರಣಿ ಇವು ಹತ್ತಿರವಿಲ್ಲದ ಕಡೆ ಆ ಹಿರಿಮೆ ರೈತನಿಗೆ ದಕ್ಕದು.

ಅಸ್ಸಾಮಿನ ಸೋರಭೋಗದಲ್ಲಿ ರಾಮಿ ಸಂಶೋಧನಾ ಕೇಂದ್ರ ನೆಲೆಗೊಂಡಿರುವುದು ಈ ಬೆಳೆಗೆ ಒಪ್ಪುವ ಹವೆ ಎಂತಹುದೆಂಬುದನ್ನು ಸೂಚಿಸುತ್ತದೆ. ಕರ್ನಾಟಕದಲ್ಲಿ ಪ್ರಯೋಗ ನಡೆಯಬೇಕಾದರೆ ಮಲೆನಾಡಿನ ಅಂಚಿನ, ನೀರು ಬಸಿಯುವ ಭೂಮಿಯೇ ಮೊದಲ ಆಯ್ಕೆಯಾಗಬೇಕು. ಗೋಕಾಕ ಸೀಮೆಯಲ್ಲಿ ಮಾಡುವುದಾದರೆ ಎರೆಯನ್ನು ಬಿಟ್ಟು, ನೀರಾವರಿಯಿರುವ ಮಸಾರಿಯ ಸಣ್ಣ ತಾಕುಗಳಲ್ಲಿ ಮಾತ್ರ ಮಾಡುವುದು ಲೇಸು. ಇಂತಹ ಪರೀಕ್ಷೆಯಲ್ಲಿ ಗಿಡದ ಎತ್ತರಕ್ಕಿಂತ ಮುಖ್ಯವಾಗಿ ಅಳೆಯಬೇಕಾದುದು ಅಂಟು ತೆಗೆದ ನಾರಿನ ತೂಕ ಮತ್ತು ಅದಕ್ಕೆ ತಗಲಿದ ನೀರು. ಈ ಎರಡು ಲೆಕ್ಕಗಳು ಕೈಗೆ ಬರುವ ಮುನ್ನ ಸಣ್ಣ ಹಿಡುವಳಿದಾರನ ಹೊಲವನ್ನು ಪ್ರಯೋಗಕ್ಕೆ ಒಡ್ಡಬಾರದು.