ಮನೆಯ ಫೈಲುಗಳ ಬ್ಯಾಕಪ್: ನಂಬಿಕೆ ಯಾವುದು, ನಿಜ ಯಾವುದು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಈಗ ಒಂದೇ ವೈಫೈಗೆ ಮೂರು ನಾಲ್ಕು ಯಂತ್ರಗಳು ಸೇರಿಕೊಂಡಿರುತ್ತವೆ. 2020ರಲ್ಲಿ ಬೆಂಗಳೂರಿನಿಂದ ಬಂದು ಊರಿನಿಂದಲೇ ಕೆಲಸ ಮುಂದುವರಿಸಿದವರ ಲ್ಯಾಪ್‌ಟಾಪ್, ತೋಟದ ಲೆಕ್ಕ ಬರೆದಿಡುವ ಹಳೆಯ ಕಂಪ್ಯೂಟರ್, ಮನೆಮಂದಿಯ ಮೊಬೈಲ್. ಅವುಗಳ ಒಳಗೆ ಪಹಣಿಯ ಸ್ಕ್ಯಾನ್ ಇದೆ, ಅಡಿಕೆ ಮಾರಿದ ಪಟ್ಟಿ ಇದೆ, ಉಪನಯನದ ಫೋಟೊ ಇದೆ, ಅಂಗಳದಲ್ಲಿ ನಡೆದ ತಾಳಮದ್ದಲೆಯನ್ನು ಹಳೇ ಕ್ಯಾಸೆಟ್‌ನಿಂದ ಇಳಿಸಿಕೊಂಡದ್ದೂ ಇದೆ. ಪಹಣಿಯನ್ನು ಇನ್ನೊಮ್ಮೆ ತೆಗೆಸಬಹುದು. ಆ ತಾಳಮದ್ದಲೆ ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಕಾಯುವ ಸಾಫ್ಟ್‌ವೇರ್ ಆರಿಸುವಾಗ ನಮ್ಮಲ್ಲಿ ಓಡಾಡುವ ಕೆಲವು ನಂಬಿಕೆಗಳು ಮಾತ್ರ ತೀರಾ ಅಪಾಯದವು.

“ಎಲ್ಲಾ ಗೂಗಲ್ ಡ್ರೈವ್‌ಗೆ ಹೋಗ್ತಾ ಇದೆ, ಮತ್ತೆಂಥ ಬ್ಯಾಕಪ್?”

ಎಲ್ಲಕ್ಕಿಂತ ಹೆಚ್ಚು ಫೈಲು ಕಳೆಯುವುದು ಈ ನಂಬಿಕೆಯಿಂದ ಎಂದೇ ನನ್ನ ಅಭಿಪ್ರಾಯ. ಡ್ರೈವ್, ಒನ್‌ಡ್ರೈವ್, ಸಿಂಕ್‌ಥಿಂಗ್ ಇವೆಲ್ಲ ಮುಖ್ಯವಾಗಿ ಸಿಂಕ್ ಮಾಡುತ್ತವೆ. ಇಲ್ಲಿ ಇದ್ದದ್ದು ಅಲ್ಲಿಯೂ ಇರಬೇಕು, ಇಲ್ಲಿ ಹೋದದ್ದು ಅಲ್ಲಿಯೂ ಹೋಗಬೇಕು ಎನ್ನುವುದೇ ಅದರ ಕೆಲಸ. ಮಗು ಆಡುತ್ತ ಒಂದು ಫೋಲ್ಡರ್ ಅಳಿಸಿದರೆ ಅಳಿಸಿದ್ದೂ ಸಿಂಕ್ ಆಗುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ. ಅಡಿಕೆ ಲೆಕ್ಕದ ಫೈಲನ್ನು ನಾವು ತೆರೆಯುವುದು ಕೊಯ್ಲಿನ ಕಾಲಕ್ಕೆ. ಜೂನ್‌ನಲ್ಲಿ ಹೋದದ್ದು ಡಿಸೆಂಬರ್‌ನಲ್ಲಿ ಗೊತ್ತಾದರೆ ಏನು ಪ್ರಯೋಜನ?

ಬ್ಯಾಕಪ್ ಸಾಫ್ಟ್‌ವೇರ್ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುತ್ತದೆ. ಹೋದ ವಾರ, ಹೋದ ತಿಂಗಳು, ಹೋದ ವರ್ಷ ಆ ಫೈಲು ಹೇಗಿತ್ತೋ ಹಾಗೆ ತೆಗೆದುಕೊಡುತ್ತದೆ. ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಎಷ್ಟು ಹಿಂದಕ್ಕೆ ಹೋಗಬಹುದು? ಸಿಂಕ್‌ಥಿಂಗ್‌ನಲ್ಲೂ ಹಳೆಯ ಆವೃತ್ತಿ ಉಳಿಸುವ ಸೌಲಭ್ಯ ಇದೆ, ಆದರೆ ಪ್ರತಿ ಫೋಲ್ಡರ್‌ಗೂ ನಾವೇ ಅದನ್ನು ಚಾಲೂ ಮಾಡಬೇಕು.

“ರಾತ್ರಿ ಎರಡು ಗಂಟೆಗೆ ಇಟ್ಟುಬಿಟ್ಟರೆ ಆಯ್ತು, ತನ್ನಷ್ಟಕ್ಕೆ ಆಗುತ್ತದೆ.”

ನಗರದ ಕಚೇರಿಗೆ ಇದು ಸರಿ. ನಮ್ಮ ಸೀಮೆಗೆ ಅಲ್ಲ. ಗುಡುಗು ಕೇಳಿದ ಕೂಡಲೇ ಮೋಡೆಮ್ಮಿನ ಪ್ಲಗ್ ಕೀಳುವುದು ಇಲ್ಲಿ ಮನೆಮನೆಯ ರೂಢಿ, ಮತ್ತು ಅದು ಸರಿಯಾದ ರೂಢಿ. ಫೈಬರ್ ಬಂದ ಮೇಲೆ ಸಿಡಿಲಿನ ಭಯ ಇಲ್ಲ ಎನ್ನುವವರಿದ್ದಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಮೋಡೆಮ್ಮಿನ ಪೆಟ್ಟಿಗೆಗೆ ಕರೆಂಟ್ ಕೊಡುವ ಅಡಾಪ್ಟರಿನ ವಯರಲ್ಲಿ, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಎಳೆದ ಲ್ಯಾನ್ ಕೇಬಲ್ಲಿನಲ್ಲಿ ಇರುವುದು ತಾಮ್ರವೇ. ಇನ್ನು ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬಂದೀತು ಎಂದು ಹೇಳುವಂತಿಲ್ಲ. ಕರೆಂಟ್ ಇದ್ದರೂ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟಿರುತ್ತೇವೆ.

ಹಾಗಾಗಿ ತಪ್ಪಿದ ಸರದಿಯನ್ನು ನೆನಪಿಟ್ಟು, ಯಂತ್ರ ಎದ್ದ ಕೂಡಲೇ ಪೂರೈಸುವ ಸಾಫ್ಟ್‌ವೇರೇ ಇಲ್ಲಿಗೆ ತಕ್ಕದ್ದು. ಡುಪ್ಲಿಕಾಟಿ ಹಾಗೆ ಮಾಡುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಸಮಯ ತಪ್ಪಿದರೆ ಆದಷ್ಟು ಬೇಗ ನಡೆಸು’ ಎಂಬರ್ಥದ ಒಂದು ಟಿಕ್ ಇದೆ, ಅದನ್ನು ಹಾಕದಿದ್ದರೆ ಆ ದಿನದ ಸರದಿ ಹೋದಂತೆಯೇ. ಲಿನಕ್ಸ್‌ನ ಕ್ರಾನ್ ತಪ್ಪಿದ್ದನ್ನು ಮತ್ತೆ ನಡೆಸುವುದಿಲ್ಲ, ಅದಕ್ಕೆ ಅನಾಕ್ರಾನ್ ಬೇಕು. ಕೆಲಸ ಅರ್ಧದಲ್ಲಿ ನಿಂತರೆ ಮೊದಲಿನಿಂದ ಶುರುಮಾಡದೆ ಉಳಿದದ್ದನ್ನಷ್ಟೇ ಕಳಿಸುವ ಗುಣವೂ ಬೇಕು. ರೆಸ್ಟಿಕ್, ಬೋರ್ಗ್ ಇದರಲ್ಲಿ ಗಟ್ಟಿ. ಆದರೆ ಕಮಾಂಡ್ ಬರೆದು ರೂಢಿ ಇದ್ದವರಿಗೆ ಮಾತ್ರ.

ರೌಟರಿನ ಯುಎಸ್‌ಬಿ ಕಿಂಡಿಗೆ ಡಿಸ್ಕ್ ಸಿಕ್ಕಿಸುವವರು ಇನ್ನೊಂದನ್ನು ಗಮನಿಸಬೇಕು. ಡಿಸ್ಕ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲು ಅದರಲ್ಲಿ ಹಿಡಿಸುವುದಿಲ್ಲ. ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್ಟ್4 ಇದ್ದರೆ ಆ ತೊಂದರೆ ಇಲ್ಲ, ಬರೆಯುವಾಗ ಕರೆಂಟ್ ಹೋದರೂ ತಾಳಿಕೊಳ್ಳುವ ಶಕ್ತಿ ಅವಕ್ಕೆ ಹೆಚ್ಚು.

“ಎರಡು ಡಿಸ್ಕಿನ ಪೆಟ್ಟಿಗೆ ತಂದಿದ್ದೇವೆ, ಒಂದು ಹೋದರೆ ಇನ್ನೊಂದು ಇದೆ.”

ಡಿಸ್ಕ್ ಕೆಟ್ಟರೆ ಮಾತ್ರ ಈ ಮಾತು ನಿಜ. ಎರಡೂ ಡಿಸ್ಕಿನಲ್ಲಿ ಒಂದೇ ಗಳಿಗೆಗೆ ಒಂದೇ ಬರಹ ಬೀಳುವುದರಿಂದ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ವೈರಸ್ ಬಂದರೂ ಅಷ್ಟೇ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ವಿಂಡೋಸ್ ಫೈಲ್ ಶೇರಿಂಗ್‌ನ ದೋಷದ ಮೂಲಕವೇ. ಬ್ಯಾಕಪ್ ಜಾಗವನ್ನು ಸದಾ ‘ಝಡ್’ ಡ್ರೈವ್ ಎಂದು ತೆರೆದಿಟ್ಟರೆ ಇಂಥ ವೈರಸ್ಸಿಗೆ ಅಲ್ಲಿಗೂ ದಾರಿ ಸಿಗುತ್ತದೆ. ಆ ಜಾಗಕ್ಕೆ ಬೇರೆಯೇ ಬಳಕೆದಾರ ಹೆಸರು, ಬೇರೆ ಪಾಸ್‌ವರ್ಡ್ ಇರಲಿ. ಮೂರು ನಾಲ್ಕು ಲ್ಯಾಪ್‌ಟಾಪ್ ಇರುವ ಮನೆಗೆ ಯುಆರ್‌ಬ್ಯಾಕಪ್ ನನ್ನ ಆಯ್ಕೆ. ಹಳೆಯ ಕಂಪ್ಯೂಟರೊಂದರಲ್ಲಿ ಅದರ ಸರ್ವರ್ ಹಾಕಿದರೆ, ಯಾವ ಲ್ಯಾಪ್‌ಟಾಪ್ ವೈಫೈಗೆ ಬಂತೋ ಅದರಿಂದ ತಾನೇ ಫೈಲು ಎಳೆದುಕೊಳ್ಳುತ್ತದೆ. ದುಡ್ಡು ಕೊಡಬೇಕಿಲ್ಲ.

“ದುಡ್ಡು ಕೊಟ್ಟದ್ದೇ ಒಳ್ಳೆಯದು” ಎನ್ನುವುದಕ್ಕೂ ಇಲ್ಲೇ ಉತ್ತರ ಹೇಳಬಹುದು. ವಿಂಡೋಸ್‌ನಲ್ಲಿರುವ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಎರಡೂ ನೆಟ್‌ವರ್ಕ್ ಮೇಲೆ ನಡೆಯುತ್ತವೆ, ಯಂತ್ರದ ಜೊತೆಗೇ ಬರುತ್ತವೆ. ಆದರೆ ಫೈಲ್ ಹಿಸ್ಟರಿ ನೋಡುವುದು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಂಥ ಲೈಬ್ರರಿಗಳನ್ನು. ನಮ್ಮವರು ಲೆಕ್ಕಪತ್ರ ಇಡುವುದು ‘ಡಿ’ ಡ್ರೈವಿನಲ್ಲಿ! ಆ ಫೋಲ್ಡರನ್ನು ಲೈಬ್ರರಿಗೆ ಸೇರಿಸದಿದ್ದರೆ ವರ್ಷಗಟ್ಟಲೆ ಓಡಿದರೂ ಅದರ ಒಂದು ಪ್ರತಿಯೂ ಇರುವುದಿಲ್ಲ.

“ಮನೆಯಲ್ಲಿ ಎರಡು ಕಡೆ ಇದೆಯಲ್ಲ, ಸಾಕು.”

ಒಂದೇ ಸಿಡಿಲಿಗೆ ಎರಡೂ ಹೋಗಬಹುದು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದಾಗ ತೋಟ, ರಸ್ತೆಗಳ ಜೊತೆ ಮನೆಗಳಿಗೂ ಹಾನಿಯಾಯಿತು. ಒಂದು ಪ್ರತಿ ಬೇರೆ ಊರಿನಲ್ಲಿ ಇರಲೇಬೇಕು. ಬೆಂಗಳೂರಿನ ಮಗಳ ಮನೆ ಆದೀತು, ಶಿರಸಿ ಪೇಟೆಯ ಭಾವನ ಮನೆಯೂ ಆದೀತು. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 100 ಜಿಬಿ ಕಳಿಸಲು, ಒಂದು ಕ್ಷಣವೂ ತಡೆಯಿಲ್ಲದಿದ್ದರೂ, 22 ಗಂಟೆ ಬೇಕು. ಆದ್ದರಿಂದ ಮೊದಲ ಪೂರ್ಣ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಹೊತ್ತುಕೊಂಡು ಹೋಗಿ. ಆಮೇಲೆ ಬದಲಾದಷ್ಟನ್ನೇ ಕಳಿಸುವ ಸಾಫ್ಟ್‌ವೇರ್ ಇದ್ದರೆ ಹಳ್ಳಿಯ ಇಂಟರ್ನೆಟ್ಟೂ ಸಾಕಾಗುತ್ತದೆ.

ಹೊರಗಿಡುವ ಪ್ರತಿಗೆ ಎನ್‌ಕ್ರಿಪ್ಶನ್ ಹಾಕಿ. ಆ ಪಾಸ್‌ವರ್ಡ್ ಮರೆತರೆ ತಯಾರಿಸಿದವರಿಗೂ ತೆರೆಯಲು ಬರುವುದಿಲ್ಲ. ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಕಪಾಟಿನಲ್ಲಿಡಿ, ಮನೆಯ ಇನ್ನೊಬ್ಬರಿಗೆ ತಿಳಿಸಿರಿ.

“ಹಸಿರು ಟಿಕ್ ತೋರಿಸುತ್ತಿದೆ, ಎಲ್ಲ ಸರಿ ಇದೆ.”

ಗಿಟ್‌ಲ್ಯಾಬ್‌ನಂಥ ಸಾಫ್ಟ್‌ವೇರ್ ಕಂಪನಿಯೇ 2017ರ ಜನವರಿ 31ರಂದು ತನ್ನ ಡೇಟಾಬೇಸ್ ಅಳಿಸಿಕೊಂಡಾಗ, ಇಟ್ಟುಕೊಂಡಿದ್ದ ಹಲವು ಬಗೆಯ ಬ್ಯಾಕಪ್‌ಗಳು ಕೈಕೊಟ್ಟವು. ಕೊನೆಗೆ ಆರು ಗಂಟೆ ಹಳೆಯ ಒಂದು ಪ್ರತಿ ಕಾಪಾಡಿತು. ನಡುವಿನ ಬದಲಾವಣೆಗಳು ಹೋದವು. ಮರಳಿ ತೆಗೆದು ನೋಡುವತನಕ ಯಾವ ಬ್ಯಾಕಪ್ಪನ್ನೂ ನಂಬುವಂತಿಲ್ಲ.

ಈ ವಾರವೇ ಇಷ್ಟು ಮಾಡಿ. ಒಂದು ಫೋಟೊ, ಒಂದು ಲೆಕ್ಕದ ಫೈಲು, ಒಂದು ದೊಡ್ಡ ರೆಕಾರ್ಡಿಂಗ್ ಆರಿಸಿ, ತಿಂಗಳ ಹಿಂದಿನ ಆವೃತ್ತಿಯನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ ತೆರೆದು ನೋಡಿ. ಮೂರೂ ತೆರೆದರೆ ನಿಮ್ಮ ಸಾಫ್ಟ್‌ವೇರ್ ಯಾವುದೇ ಇರಲಿ, ಅದನ್ನೇ ಇಟ್ಟುಕೊಳ್ಳಿ. ತೆರೆಯದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಿ.