ಸರಪಣಿ ವ್ಯಾಪಾರದ ಲೆಕ್ಕ

ಪರಿಚಯದವರೊಬ್ಬರು ಒಂದು ಸಂಜೆ ನಿಮ್ಮ ಮನೆಗೆ ಬರುತ್ತಾರೆ. ಕ್ಷೇಮ ಸಮಾಚಾರ ಮುಗಿದು ಚಹಾ ಕುಡಿದ ಮೇಲೆ ಚೀಲದಿಂದ ಪುಸ್ತಕ ತೆಗೆದು ಸೊನ್ನೆಗಳನ್ನು ಬರೆಯತೊಡಗುತ್ತಾರೆ. ಮೇಲೆ ಒಂದು ಸೊನ್ನೆ, ಅದು ನೀವು. ಅದರ ಕೆಳಗೆ ಎರಡು, ಮತ್ತೆ ನಾಲ್ಕು, ಮತ್ತೆ ಎಂಟು. "ನೀವು ಇಬ್ಬರನ್ನು ಸೇರಿಸಿದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ" ಎನ್ನುತ್ತಾರೆ. ಇದಕ್ಕೆ ಮಲ್ಟಿ ಲೆವೆಲ್ ಮಾರ್ಕೆಟಿಂಗ್ ಎಂದು ಹೆಸರು. ನಮ್ಮ ಆಡುಮಾತಿನಲ್ಲಿ ಚೈನ್ ವ್ಯಾಪಾರ. ಇದರ ಲೆಕ್ಕವನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಸೊನ್ನೆಗಳನ್ನೇ ಎಣಿಸೋಣ. ಪ್ರತಿಯೊಬ್ಬರೂ ಇಬ್ಬರನ್ನು ಸೇರಿಸುತ್ತ ಹೋದರೆ ನಿಮ್ಮ ಕೆಳಗಿನ ಹತ್ತನೆಯ ಸಾಲಿನಲ್ಲಿ 1,024 ಮಂದಿ ಬೇಕು. ಇಪ್ಪತ್ತನೆಯ ಸಾಲಿನಲ್ಲಿ 10,48,576 ಮಂದಿ. ಮೇಲಿನ ಸಾಲುಗಳನ್ನೂ ಕೂಡಿಸಿದರೆ 20,97,151. ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 13,07,375. ಅಂದರೆ ತೊಟ್ಟಿಲಿನ ಕೂಸುಗಳನ್ನು ಸೇರಿಸಿಕೊಂಡರೂ ಇಪ್ಪತ್ತನೆಯ ಸಾಲು ತುಂಬುವ ಮೊದಲೇ ಜಿಲ್ಲೆಯಲ್ಲಿ ಜನ ಮುಗಿಯುತ್ತಾರೆ. ಸರಪಣಿ ಎಲ್ಲಿಯಾದರೂ ಕಡಿಯಲೇಬೇಕು.

ಕಡಿದಾಗ ನಷ್ಟ ಯಾರಿಗೆ? ಒಂದು, ಎರಡು, ನಾಲ್ಕು ಕೂಡಿದರೆ ಏಳು. ಅದರ ಕೆಳಗಿನ ಸಾಲಿನಲ್ಲಿ ಎಂಟು. ಎಷ್ಟೇ ಸಾಲುಗಳಿರಲಿ, ಮೇಲಿನವರೆಲ್ಲರನ್ನೂ ಕೂಡಿಸಿದರೂ ಕೊನೆಯ ಸಾಲಿನವರಿಗಿಂತ ಒಬ್ಬರು ಕಡಿಮೆಯೇ. ಈ ಕೊನೆಯವರ ಕೆಳಗೆ ಯಾರೂ ಇಲ್ಲ. ಇವರ ಹಣ ಮೇಲೆ ಹೋಗಿದೆ, ಇವರಿಗೆ ಕಮಿಷನ್ ಬರಲು ದಾರಿಯಿಲ್ಲ. ಹೀಗೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಳೆದುಕೊಳ್ಳುವುದು ಈ ಲೆಕ್ಕದೊಳಗೇ ಇದೆ.

"ಇದೂ ಚಿಟ್ ಫಂಡಿನ ಹಾಗೆ ಅಲ್ಲವೇ?" ಎಂದು ಕೇಳುವವರಿದ್ದಾರೆ. ಅಲ್ಲ. 1982ರ ಚಿಟ್ ಫಂಡ್ ಕಾಯಿದೆಯಂತೆ ನಡೆಯುವ ಚಿಟ್ಟಿಯಲ್ಲಿ ಎಷ್ಟು ಕಂತು, ಎಷ್ಟು ಮಂದಿ ಎಂಬುದು ಮೊದಲೇ ಕರಾರಾಗಿರುತ್ತದೆ. ಪ್ರತಿಯೊಬ್ಬ ಸದಸ್ಯನಿಗೂ ಒಂದು ಸರದಿ ಇದೆ. ಚೈನಿನಲ್ಲಿ ಸರದಿಯೂ ಇಲ್ಲ, ಕೊನೆಯೂ ಇಲ್ಲ.

ಇನ್ನು ಸೇರಿದವನ ಮನೆಯ ಲೆಕ್ಕ. ಇದನ್ನು ನನ್ನ ಪುಸ್ತಕದಿಂದಲೇ ಓದುತ್ತೇನೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಹಣ ಎಣಿಸಿದ ನಾನು, ನಿವೃತ್ತಿಯ ಮರುವರ್ಷ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಇಂಥದೊಂದಕ್ಕೆ ಸೇರಿದೆ. ಸೇರುವಾಗ ಸಾಮಾನಿನ ಪೆಟ್ಟಿಗೆಗೆಂದು 10,000 ರೂಪಾಯಿ. ಸದಸ್ಯತ್ವ ಉಳಿಯಲು ತಿಂಗಳಿಗೆ 2,000 ರೂಪಾಯಿಯ ಖರೀದಿ, ವರ್ಷಕ್ಕೆ 24,000. ಸಭೆ, ಬಸ್ಸು, ಫೋನು ಎಂದು 6,000. ಒಟ್ಟು 40,000. ಬಂದ ಕಮಿಷನ್ 2,000. ಮನೆಗೆ ಬಂದ ಸಾಬೂನು, ಪುಡಿ, ಎಣ್ಣೆಗಳನ್ನು ಪೇಟೆಯ ಅಂಗಡಿಯಲ್ಲಿ ಕೊಂಡಿದ್ದರೆ 16,000ಕ್ಕೆ ಸಿಗುತ್ತಿತ್ತು. ಉಳಿದ 22,000 ನಷ್ಟ. ಸಭೆಯಲ್ಲಿ ಕಮಿಷನಿನ ಚೆಕ್ಕನ್ನು ಎತ್ತಿ ತೋರಿಸುತ್ತಾರೆ, ಖರ್ಚಿನ ಪಟ್ಟಿಯನ್ನು ಯಾರೂ ತೋರಿಸುವುದಿಲ್ಲ. ಜಮಾ ಮಾತ್ರ ಓದಿ ಖರ್ಚು ಓದದಿದ್ದರೆ ಯಾವ ವ್ಯಾಪಾರವೂ ಲಾಭದ್ದೇ.

ಆ 2,000 ನಾನು ಸೇರಿಸಿದ ಇಬ್ಬರಿಂದ ಬಂದದ್ದು. ಒಬ್ಬರು ನನ್ನ ಸಂಬಂಧಿ. ಇನ್ನೊಬ್ಬರು ಬೀಡಿ ಕಟ್ಟಿ ಜೀವನ ಸಾಗಿಸುವ ನೆರೆಮನೆಯ ಹೆಂಗಸು. ಬ್ಯಾಂಕಿನವರೇ ಸೇರಿದ್ದಾರೆ ಎಂಬ ಧೈರ್ಯದಿಂದ ಆಕೆ ಬಳೆ ಅಡವಿಟ್ಟು ಹಣ ಕಟ್ಟಿದರು. ಹಣ ಹೋದರೂ ಬಡ್ಡಿ ನಿಲ್ಲುವುದಿಲ್ಲವಷ್ಟೆ.

ಕಾನೂನು ಏನು ಹೇಳುತ್ತದೆ? 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆಯಂತೆ, ಸದಸ್ಯರನ್ನು ಸೇರಿಸುವುದರ ಮೇಲೆ ಹಣ ಕೊಡುವುದಾಗಿ ಹೇಳಿ ನಡೆಸುವ ಯೋಜನೆ ಅಪರಾಧ. ನಡೆಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಅಂಥ ಯೋಜನೆಗೆ ಸೇರುವುದನ್ನೂ, ಅದಕ್ಕಾಗಿ ಹಣ ಪಡೆಯುವುದನ್ನೂ ಅದೇ ಕಾಯಿದೆ ನಿಷೇಧಿಸಿದೆ. "ನಾನು ಬರೇ ಸದಸ್ಯ" ಎಂದು ಜಾರಿಕೊಳ್ಳುವಂತಿಲ್ಲ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ನಿಯಮದಂತೆ ನಡೆಯುವ ನೇರ ಮಾರಾಟಕ್ಕೆ ಅಡ್ಡಿಯಿಲ್ಲ. ಆದುದರಿಂದ ಮನೆಮನೆಗೆ ಸಾಮಾನು ತರುವವರೆಲ್ಲ ಮೋಸಗಾರರಲ್ಲ.

ಗುರುತಿಸುವುದು ಹೇಗೆ? ಮೂರು ಪ್ರಶ್ನೆ ಕೇಳಿ. ಇನ್ನು ಮುಂದೆ ಒಬ್ಬ ಸದಸ್ಯನೂ ಸೇರದಿದ್ದರೆ, ಬರೇ ಸಾಮಾನು ಮಾರಿ ನನಗೆ ಎಷ್ಟು ಸಿಗುತ್ತದೆ? ಸದಸ್ಯನಲ್ಲದ ಗಿರಾಕಿ ಈ ಬೆಲೆಗೆ ಈ ಸಾಮಾನು ಕೊಳ್ಳುವನೇ? ಮಾರಾಟವಾಗದೆ ಉಳಿದದ್ದನ್ನು ಹಿಂದಕ್ಕೆ ಪಡೆದು ಹಣ ಕೊಡುತ್ತೀರೆಂದು ಕಾಗದದಲ್ಲಿ ಬರೆದುಕೊಡುವಿರಾ? ಉತ್ತರ ತಡವರಿಸಿದರೆ ಚಹಾ ಕೊಟ್ಟು ಕಳುಹಿಸಿಬಿಡಿ. ಈಗಾಗಲೇ ಸೇರಿದವರು ರಶೀದಿ, ಕರಾರುಪತ್ರಗಳನ್ನು ಜೋಪಾನವಾಗಿಡಿ. ಹೋದ ಹಣವನ್ನು ಹಿಡಿಯಲೆಂದು ಮತ್ತೆ ಹಣ ಹಾಕಬೇಡಿ, ಮತ್ತೊಬ್ಬರನ್ನು ಸೇರಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ನೆರೆಮನೆಯಾಕೆಯ ಬಳೆಯನ್ನು ನಾನೇ ಹಣ ಕಟ್ಟಿ ಬಿಡಿಸಿಕೊಟ್ಟೆ. ಆಕೆ ಒಂದು ಮಾತೂ ಆಡಲಿಲ್ಲ. ಆದರೂ ಆ ಅಂಗಳ ದಾಟುವಾಗ ಇಂದಿಗೂ ನನ್ನ ತಲೆ ತಗ್ಗುತ್ತದೆ. ನನ್ನ ಪುಸ್ತಕದಲ್ಲಿ ಅದನ್ನು ಬರೆಯುವ ಕಾಲಂ ಇಲ್ಲ. ನಿಮ್ಮ ಮನೆಗೆ ಯಾರಾದರೂ ಸೊನ್ನೆ ಬರೆಯಲು ಬಂದರೆ, ಕೆಳಗಿನ ಆ ಎರಡು ಸೊನ್ನೆಗಳಲ್ಲಿ ಯಾರ ಹೆಸರು ಬರೆಯಬೇಕಾದೀತು ಎಂದು ಮೊದಲು ಯೋಚಿಸಿ.