ಉಪಾಧ್ಯಾಯರ ರಜೆಯೂ ಮನೆಯ ಪಂಚಾಂಗವೂ

ಮನೆಯ ವರ್ಷವನ್ನು ಆಳುವ ಪಂಚಾಂಗಗಳು ಎರಡು. ಒಂದು, ಯುಗಾದಿಯ ದಿನ ದೇವರ ಮುಂದಿಟ್ಟು ಪೂಜಿಸಿ, ಹಿರಿಯರಿಂದ ಓದಿಸಿ ಕೇಳುವ ಪಂಚಾಂಗ. ಇನ್ನೊಂದು, ಪಾಠಶಾಲೆಯವರು ಗೊತ್ತುಮಾಡಿದ ರಜೆಗಳ ಪಟ್ಟಿ. ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ಇವೆರಡೂ ಬಹುಕಾಲದಿಂದ ಒಂದಕ್ಕೊಂದು ಹೊಂದಿಕೊಂಡು ನಡೆದುಬಂದಿವೆ. ಮುಂಗಾರು ಹಿಡಿಯುವ ಹೊತ್ತಿಗೆ ಶಾಲೆಯ ಬಾಗಿಲು ತೆರೆಯುವುದು. ದಸರೆಗೆ ಬಿಡುವು ದೊರೆಯುವುದು. ಪರೀಕ್ಷೆಗಳು ಮುಗಿದು ಏಪ್ರಿಲ್, ಮೇ ತಿಂಗಳುಗಳ ದೊಡ್ಡ ರಜೆ ಬಂದಿತೆಂದರೆ ವೈಶಾಖದ ಮದುವೆ ಮುಂಜಿಗಳೂ, ಮಾವಿನ ಹಣ್ಣೂ, ಮಕ್ಕಳ ತಾತನ ಮನೆಯ ಪ್ರಯಾಣವೂ ಒಟ್ಟಿಗೇ ಬರುವುವು. ಮನೆಯಲ್ಲಿ ಒಬ್ಬರು ಉಪಾಧ್ಯಾಯರಿದ್ದರೆ, ಶುಭಕಾರ್ಯಕ್ಕಾಗಿ ಅವರು ರಜೆ ಬೇಡಬೇಕಾದ ಪ್ರಸಂಗವೇ ಅಪರೂಪ.

ಆದರೆ ಈಗ ಇದೇ ಬಡಾವಣೆಗಳ ಮಗನೋ ಮಗಳೋ ಸೊಸೆಯೋ ಇಂಗ್ಲಿಷ್ ಕಲಿಸುವುದಕ್ಕೆಂದು, ಅಥವಾ ಇಂಗ್ಲಿಷಿನ ಮೂಲಕ ಬೇರೆ ಪಾಠ ಹೇಳುವುದಕ್ಕೆಂದು ಪರದೇಶಕ್ಕೆ ಹೊರಡುವುದು ಹೊಸದೇನೂ ಅಲ್ಲ. ಹೊರಡುವ ಮೊದಲು ಸಂಬಳವೆಷ್ಟೆಂದು ಎಲ್ಲರೂ ಕೇಳುತ್ತಾರೆ. ಇರಲು ಮನೆ ಕೊಡುವರೇ ಎಂದು ತಾಯಿ ಕೇಳುತ್ತಾಳೆ. ತರಕಾರಿ ಸಿಕ್ಕುವುದೇ ಎಂದು ಅಜ್ಜಿ ಕೇಳುತ್ತಾಳೆ. ಅಲ್ಲಿಯ ಶಾಲೆ ಯಾವಾಗ ತೆರೆಯುವುದು, ಯಾವಾಗ ಮುಚ್ಚುವುದು ಎಂದು ಕೇಳುವವರು ಮಾತ್ರ ವಿರಳ. ಸಂಬಳವನ್ನು ಕೇಳುವುದಕ್ಕೆ ಮೊದಲು ರಜೆಯ ಪಟ್ಟಿಯನ್ನು ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ. ಏಕೆಂದರೆ ಮುಂದಿನ ವರ್ಷಗಳಲ್ಲಿ ಆ ಮನೆಯವರು ಯಾರ ಮದುವೆಗೆ ಕೂಡುವರು, ಯಾರ ಕಾಯಿಲೆಯ ಬಳಿ ಇರುವರು ಎಂಬುದನ್ನೆಲ್ಲ ನಿಶ್ಚಯಿಸುವುದು ಆ ಪಟ್ಟಿಯೇ.

ನಮ್ಮ ಊರು ಈ ಸಂಗತಿಯನ್ನು ಇನ್ನೊಂದು ಕಡೆಯಿಂದಲೂ ಕಂಡಿದೆ. 1858ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದ ವಿದ್ಯಾಶಾಲೆಯ ಮೊದಲ ಮುಖ್ಯಸ್ಥರು ಜಾನ್ ಗ್ಯಾರೆಟ್ ಎಂಬ ವೆಸ್ಲಿಯನ್ ಪಾದ್ರಿಗಳು. ಅವರಂತೆ ಸಮುದ್ರ ದಾಟಿ ಬಂದು ಇಲ್ಲಿ ಪಾಠ ಹೇಳಿದವರಿಗೆ ಬೇಸಗೆಯ ರಜೆ ಎಷ್ಟು ದೀರ್ಘವಾಗಿದ್ದರೂ ತಮ್ಮ ಮನೆಯನ್ನು ನೋಡಿಬರಲು ಸಾಲುತ್ತಿರಲಿಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವುದಕ್ಕೆ ಮೊದಲು, ಆಫ್ರಿಕಾ ಖಂಡವನ್ನು ಸುತ್ತಿ ಬರುವ ಹಡಗಿಗೆ ಹಲವು ತಿಂಗಳು ಹಿಡಿಯುತ್ತಿತ್ತು. ಕಾಲುವೆಯಾದ ಮೇಲೂ ಹೋಗಿಬರುವ ಪ್ರಯಾಣವೇ ಒಂದೂವರೆ ತಿಂಗಳನ್ನು ನುಂಗುತ್ತಿತ್ತು. ಆದುದರಿಂದ ಅನೇಕ ವರ್ಷ ದುಡಿದ ಬಳಿಕ ಒಮ್ಮೆ ದೊರೆಯುವ ದೀರ್ಘ ರಜೆಯೇ ಅವರಿಗೆ ಗತಿ. ಉಳಿದ ರಜೆಗಳನ್ನು ಅವರು ಈ ನಾಡಿನಲ್ಲಿಯೇ, ಈ ನಾಡಿನ ಕ್ರಮದಂತೆಯೇ ಕಳೆಯಬೇಕಾಗಿತ್ತು.

ಹೀಗೆ ಈ ನಾಡಿಗೆ ಒಗ್ಗಿದವರಿಂದ ನಮಗಾದ ಲಾಭವೂ ಸಣ್ಣದಲ್ಲ. ಬಿ. ಎಲ್. ರೈಸ್ ಮಹಾಶಯರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಮರಳಿ ಬಂದು ಇದೇ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿ ಶಾಲೆಗಳ ತನಿಖೆಗೆಂದು ಊರೂರು ಸಂಚರಿಸುವಾಗ ಅವರ ಕಣ್ಣು ಗುಡಿಯ ಅಂಗಳದ, ಕೆರೆಯ ಏರಿಯ ಶಿಲಾಶಾಸನಗಳ ಮೇಲೆ ಬಿದ್ದಿತು. ಅದರ ಫಲವೇ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು. ನಮ್ಮ ಮಕ್ಕಳು ಹೋದ ನಾಡಿನಲ್ಲಿಯೂ ಊರಿಗೆ ಬರಲು ಸಾಲದಷ್ಟು ಸಣ್ಣ ರಜೆಗಳು ಅನೇಕ ಇರುವುವು. ಅವನ್ನು ಕೋಣೆಯಲ್ಲಿ ಕುಳಿತು ಎಣಿಸುವುದಕ್ಕಿಂತ ಆ ನಾಡನ್ನು ಅರಿಯುವುದಕ್ಕೆ ಉಪಯೋಗಿಸುವುದು ಮೇಲು.

ಒಂದೊಂದು ದೇಶದ ಶಾಲೆಯ ವರ್ಷವೂ ಅಲ್ಲಿಯ ಬಿಸಿಲು, ಮಳೆ, ಮತಧರ್ಮಗಳ ಅಚ್ಚಿನಲ್ಲಿ ಬಿದ್ದುದಾಗಿದೆ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರಿನಿಂದ ಜುಲೈವರೆಗೆ ಮೂರು ಅವಧಿಗಳು. ನಡುವೆ ಕ್ರಿಸ್‌ಮಸ್ ಮತ್ತು ಈಸ್ಟರ್ ರಜೆಗಳು. ಇಥಿಯೋಪಿಯಕ್ಕೆ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಭಾರತದಿಂದ ಬಹು ಮಂದಿ ಉಪಾಧ್ಯಾಯರು ಹೋದರು. ಅಲ್ಲಿ ವರ್ಷಕ್ಕೆ 13 ತಿಂಗಳು, ಹೊಸ ವರ್ಷ ಸೆಪ್ಟೆಂಬರಿನಲ್ಲಿ. ಜುಲೈ, ಆಗಸ್ಟ್ ತಿಂಗಳ ಜಡಿಮಳೆಯೇ ಅಲ್ಲಿ ದೊಡ್ಡ ರಜೆಗೆ ಕಾಲ. ಕೊಲ್ಲಿಯ ಅರಬ್ ದೇಶಗಳಲ್ಲಿ ಅದೇ ತಿಂಗಳುಗಳ ರಜೆಗೆ ಉರಿಬಿಸಿಲು ಕಾರಣ. ಅಲ್ಲಿ ಹಲವೆಡೆ ವಾರದ ಬಿಡುವು ಶುಕ್ರವಾರ, ಶನಿವಾರ. ಸಂಯುಕ್ತ ಅರಬ್ ಸಂಸ್ಥಾನಗಳು ಮಾತ್ರ 2022ರ ಜನವರಿಯಿಂದ ಶನಿವಾರ, ಭಾನುವಾರಗಳಿಗೆ ಬದಲಾಯಿಸಿಕೊಂಡವು.

ಜಪಾನಿನಲ್ಲಿ ವರ್ಷಾರಂಭ ಏಪ್ರಿಲಿನಲ್ಲಿ. ಹೊರನಾಡುಗಳಿಂದ ಇಂಗ್ಲಿಷ್ ಸಹಾಯೋಪಾಧ್ಯಾಯರನ್ನು ಕರೆಸುವ ‘ಜೆಟ್’ ಎಂಬ ಯೋಜನೆ ಅಲ್ಲಿ 1987ರಲ್ಲಿ ಮೊದಲಾಯಿತು. ಆ ಯೋಜನೆಯಿಂದ ಕಲಿಯಬೇಕಾದ ಪಾಠವೊಂದುಂಟು: ಮಕ್ಕಳಿಗೆ ರಜೆಯೆಂದಮಾತ್ರಕ್ಕೆ ಉಪಾಧ್ಯಾಯರಿಗೂ ರಜೆಯಲ್ಲ. ಶಾಲೆ ಮುಚ್ಚಿದ್ದರೂ ಅವರು ಕೆಲಸಕ್ಕೆ ಹಾಜರಾಗಬೇಕು. ಊರಿಗೆ ಬರಬೇಕಾದರೆ ಕರಾರಿನಲ್ಲಿ ಎಣಿಸಿಕೊಟ್ಟ ಸಂಬಳಸಹಿತ ರಜೆಯ ದಿನಗಳನ್ನು ವೆಚ್ಚಮಾಡಬೇಕು.

ಇನ್ನು ನಮ್ಮ ಮನೆಗಳಿಗೆ ಬರುವ ತೊಡಕನ್ನು ನೋಡೋಣ. ಹೊರನಾಡಿನ ಬಹುಪಾಲು ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಸಣ್ಣ ರಜೆ ಡಿಸೆಂಬರಿನ ಉತ್ತರಾರ್ಧದಲ್ಲಿ. ಮೊದಲನೆಯದು ಆಷಾಢ, ಎರಡನೆಯದು ಧನುರ್ಮಾಸ! ಮದುವೆ ಮುಂಜಿಗಳಿಗೆ ನಾವು ಬಿಟ್ಟುಬಿಡುವ ತಿಂಗಳುಗಳನ್ನೇ ಹುಡುಕಿ ತೆಗೆದಂತೆ, ಪರದೇಶದ ಉಪಾಧ್ಯಾಯರಿಗೆ ಬಿಡುವು ದೊರೆಯುತ್ತದೆ. ಅವರು ಬಂದಾಗ ಇಲ್ಲಿ ಮುಹೂರ್ತವಿಲ್ಲ. ಮುಹೂರ್ತವಿದ್ದಾಗ ಅವರಿಗೆ ಅಲ್ಲಿ ಪಾಠವಿದೆ. ತಂಗಿಯ ಮದುವೆಯನ್ನು ದೂರವಾಣಿಯ ಗಾಜಿನಲ್ಲಿ ನೋಡಿ ಅಕ್ಷತೆಯನ್ನು ಕೈಯಲ್ಲೇ ಉಳಿಸಿಕೊಂಡವರು ನಮ್ಮ ನಡುವೆ ಕೆಲವರಲ್ಲ.

ಈ ಇಕ್ಕಟ್ಟಿನಲ್ಲಿ ಒಂದು ಕಿಂಡಿಯಿದೆ, ಅದೇ ಶ್ರಾವಣ. ಆದರೆ ಅದರ ಅಗಲ ವರ್ಷವರ್ಷಕ್ಕೂ ಬೇರೆ. 2025ರಲ್ಲಿ ಶ್ರಾವಣವು ಜುಲೈ 25ಕ್ಕೇ ಮೊದಲಾದುದರಿಂದ ರಜೆಯಲ್ಲಿ ಬಂದವರಿಗೆ ಸುಮಾರು ಒಂದು ತಿಂಗಳು ದೊರೆಯಿತು. 2026ರಲ್ಲಿ ಅಧಿಕ ಜ್ಯೇಷ್ಠಮಾಸ ಸೇರಿದುದರಿಂದ ಶ್ರಾವಣದ ಮೊದಲ ದಿನ ಆಗಸ್ಟ್ 13. ಆಗಸ್ಟ್ ಕೊನೆಗೆ ಶಾಲೆ ತೆರೆಯುವವರಿಗೆ ಉಳಿಯುವುದು ಎರಡು ವಾರ ಮಾತ್ರ. ಸುಮಾರು ಎರಡು ಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಬರುವುದರಿಂದ, ಮುಂದಿನ ಎರಡು ಮೂರು ವರ್ಷಗಳ ಪಂಚಾಂಗವನ್ನು ಶಾಲೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿಯೇ ಮಾತುಕತೆ ಮುಂದುವರಿಸುವುದು ಜಾಣತನ. ಪಿತೃಪಕ್ಷವಂತೂ ಸೆಪ್ಟೆಂಬರಿನಲ್ಲೋ ಅಕ್ಟೋಬರ್ ಮೊದಲಲ್ಲೋ, ಅಲ್ಲಿ ಹೊಸ ತರಗತಿಗಳು ಆಗತಾನೆ ನಡೆಯುತ್ತಿರುವಾಗ ಬರುವುದು. ತಿಥಿಯನ್ನು ಮುಂದೆ ಹಾಕುವಂತಿಲ್ಲ. ಆ ಹೊಣೆಯನ್ನು ಊರಿನಲ್ಲಿರುವ ತಮ್ಮನು ವಹಿಸುವನೇ ಎಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳಬೇಕು.

ಮಕ್ಕಳ ಓದಿನ ವಿಷಯವೂ ಇದಕ್ಕೆ ಸೇರಿದುದೇ. ಜೂನಿನಲ್ಲಿ ಇಲ್ಲಿ ಶಾಲೆಗೆ ಸೇರಿದ ಬಾಲಕನನ್ನು ಸೆಪ್ಟೆಂಬರಿನಲ್ಲಿ ಅಲ್ಲಿಗೆ ಕರೆದೊಯ್ದರೆ ಮೂರು ತಿಂಗಳ ಪಾಠ ಎರಡು ಸಲವಾಗುವುದು. ಅಲ್ಲಿಂದ ವರ್ಷದ ನಡುವೆ ಮರಳಿದರೆ ಒಂದಿಷ್ಟು ಪಾಠ ತಪ್ಪಿಯೇ ಹೋಗುವುದು. ಅರಬ್ ಸಂಸ್ಥಾನಗಳಲ್ಲಿರುವ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲಿನಲ್ಲಿ ವರ್ಷಾರಂಭ ಮಾಡುವುದರಿಂದ, ಮರಳುವ ಯೋಚನೆಯುಳ್ಳ ಕುಟುಂಬಗಳಿಗೆ ಅವು ಅನುಕೂಲ.

ಆದುದರಿಂದ ಕರಾರಿಗೆ ರುಜು ಹಾಕುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕರಾರು 12 ತಿಂಗಳಿಗೋ, 10 ತಿಂಗಳಿಗೋ? ಹತ್ತು ತಿಂಗಳಿಗಾದರೆ ದೊಡ್ಡ ರಜೆಯಲ್ಲಿ ಸಂಬಳವಿರುವುದಿಲ್ಲ; ಹತ್ತು ತಿಂಗಳ ಒಟ್ಟು ಸಂಬಳವನ್ನು ಹನ್ನೆರಡಕ್ಕೆ ಹಂಚಿ ನೋಡಿದರೆ ನಿಜವಾದ ಮಾಸಿಕ ಮೊತ್ತ ತಿಳಿಯುವುದು. ಶಾಲೆ ಮುಚ್ಚಿದ ದಿನಗಳಲ್ಲಿ ಹಾಜರಿ ಬೇಕೇ? ಊರಿಗೆ ಬರುವ ವಿಮಾನದ ವೆಚ್ಚವನ್ನು ಕೊಡುವರೇ, ಎಷ್ಟು ವರ್ಷಕ್ಕೊಮ್ಮೆ, ಮನೆಯವರಿಗೂ ಉಂಟೇ? ಏಕೆಂದರೆ ಶಾಲೆಗಳಿಗೆಲ್ಲ ಒಟ್ಟಿಗೆ ರಜೆ ಬಂದಾಗಲೇ ಟಿಕೆಟ್ಟಿನ ಬೆಲೆ ಗಗನಕ್ಕೇರುವುದು. ಕಡೆಯದಾಗಿ, ತಂದೆತಾಯಿಗಳಿಗೆ ಕಾಯಿಲೆಯಾದರೆ, ಸಾವುನೋವಾದರೆ, ಅವಧಿಯ ನಡುವೆ ಎಷ್ಟು ದಿನ ಬಿಡುವರು? ಈ ಪ್ರಶ್ನೆಯನ್ನು ಕೇಳಲು ಸಂಕೋಚಪಡಲಾಗದು.

ಮನೆಯಲ್ಲಿ ಉಳಿದವರ ಕರ್ತವ್ಯವೂ ಸ್ವಲ್ಪವಿದೆ. ಮುಹೂರ್ತವನ್ನು ಗೊತ್ತುಮಾಡುವಾಗ, ದೂರದಲ್ಲಿರುವವರ ರಜೆಯನ್ನು ಜೋಯಿಸರಿಗೆ ಮೊದಲೇ ತಿಳಿಸಿದರೆ ಅವರು ಶ್ರಾವಣದಲ್ಲಿ ಒಂದು ಒಳ್ಳೆಯ ದಿನವನ್ನು ಹುಡುಕಿಕೊಡಬಲ್ಲರು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯನ್ನು ಆಷಾಢಕ್ಕೆ ತರಲಾಗದು, ನಿಜ. ಆದರೆ ಕಡಲೆಕಾಯಿಯನ್ನು ಹುರಿದು ಡಬ್ಬದಲ್ಲಿ ತುಂಬಿಸಿ ಕಳುಹಿಸಬಹುದು. ಶುಭಕಾರ್ಯಕ್ಕೆ ಆಗದ ಆಷಾಢವು, ಮುಪ್ಪಿನವರ ಬಳಿ ಕುಳಿತು ಮಾತನಾಡುವುದಕ್ಕೆ ಆಗದ ಮಾಸವಲ್ಲ. ಮದುವೆಮನೆಯ ಗದ್ದಲವಿಲ್ಲದ ಆ ಮಳೆಗಾಲದ ದಿನಗಳಲ್ಲಿ ಮಗಳು ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಬಹುದು, ಮೊಮ್ಮಗನಿಗೆ ಅಜ್ಜನು ಕನ್ನಡದ ಅಕ್ಷರ ತಿದ್ದಿಸಬಹುದು. ದೊರೆತ ರಜೆ ಯಾವ ಮಾಸದಲ್ಲಿ ಬಂದರೂ ಅದನ್ನು ಮನೆಯವರು ಹಬ್ಬವಾಗಿ ಮಾಡಿಕೊಳ್ಳಲಿ.